ವಾಚು ಕಳಚಿಟ್ಟು ಉಣ್ಣುವವನು

ಅವನು ತೀರಿಕೊಂಡ ಸುದ್ದಿ ಬಂದಾಗ ನಾನು ಬ್ಯಾಡಗಿಯ ಬಸ್‌ಸ್ಟ್ಯಾಂಡಿನ ಎದುರಿನ ಒಂದು ಹೋಟೆಲಿನಲ್ಲಿ ಕೆಟ್ಟ ಊಟ ಮಾಡುತ್ತಿದ್ದೆ. ಅನ್ನ ಆರಿ ತಣ್ಣಗಾಗಿತ್ತು. ಸಾರಿನಲ್ಲಿ ಹುಣಸೆಹುಳಿ ಬಿಟ್ಟರೆ ಮತ್ತೇನೂ ಇರಲಿಲ್ಲ. ಚಪಾತಿ ಹರಿಯಲು ಎರಡೂ ಕೈ ಬೇಕಾಗಿತ್ತು. ಮೊಬೈಲು ಕಿವಿಗಿಟ್ಟುಕೊಂಡು ಹೌದಾ, ಯಾವಾಗ, ಹೆಂಗ ಎಂದೆಲ್ಲ ಕೇಳಿದೆ. ವಿಜಾಪುರದಲ್ಲಿ ಮಗಳ ಮನೆಯಲ್ಲಿ ಬೆಳಿಗ್ಗೆ ಚಹಾ ಕುಡಿದು ಕೂತವನು ಕೂತಲ್ಲೇ ಹೋದನಂತೆ. ಫೋನಿಟ್ಟ ಮೇಲೆ ನನಗೆ ಮೊದಲು ಬಂದದ್ದು ದುಃಖವಲ್ಲ. ಇಂಥ ಹೋಟೆಲಿನಲ್ಲಿ ನಾನು ಕೂತದ್ದನ್ನು ಅವನು ನೋಡಲಿಲ್ಲವಲ್ಲ, ಸದ್ಯ, ಅನ್ನಿಸಿತು.

ಅವನ ಹೆಸರು ಬರೆಯುವುದಿಲ್ಲ. ಬರೆದರೆ ಹಾವೇರಿಯಿಂದ ರಾಣೆಬೆನ್ನೂರಿನ ತನಕ ಇರುವ ಖಾನಾವಳಿಯವರೆಲ್ಲ, ಓ ಅವರೇನು ಎಂದು ಕಣ್ಣರಳಿಸುತ್ತಾರೆ. ಸತ್ತ ಮೇಲೂ ಅವನಿಗೆ ಅಷ್ಟು ಮಾನ ಕೊಡಿಸುವ ಮನಸ್ಸು ನನಗಿಲ್ಲ. ನನಗಿಂತ ನಾಲ್ಕಾರು ವರ್ಷಕ್ಕೆ ದೊಡ್ಡವನು. ಎದುರಿಗೆ ಬರ್ರಿ, ಕುಂದರ್ರಿ ಎಂದೇ ಮಾತಾಡಿಸುತ್ತಿದ್ದೆ. ಮನಸ್ಸಿನೊಳಗೆ ಮಾತ್ರ ಯಾವಾಗಲೂ ಏಕವಚನ. ಇಲ್ಲಿಯೂ ಅದೇ ಇರಲಿ.

ನಾವಿಬ್ಬರೂ ಒಂದು ಬೀಜದ ಕಂಪನಿಯಲ್ಲಿದ್ದೆವು. ಆಫೀಸು ರಾಣೆಬೆನ್ನೂರಿನಲ್ಲಿ, ಕೆಲಸವೆಲ್ಲ ಹೊರಗೆ. ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಟರೆ ಇವತ್ತು ಹಾವೇರಿ, ನಾಳೆ ಬ್ಯಾಡಗಿ, ನಡುವೆ ಹಳ್ಳಿಗಳು. ಬೀಜದ ಅಂಗಡಿಯವರನ್ನು ಮಾತಾಡಿಸುವುದು, ಈ ಸಲ ಮೆಣಸಿನಗಿಡ ಹೆಂಗ ಬಂದಾವ ಎಂದು ರೈತರನ್ನು ಕೇಳುವುದು, ಬಿಸಿಲಿಗೆ ತಲೆ ಕಾಯಿಸಿಕೊಳ್ಳುವುದು. ಮಧ್ಯಾಹ್ನ ಎಲ್ಲಿ ಉಣ್ಣುವುದು ಎನ್ನುವುದೇ ನಮ್ಮಂಥವರ ದೊಡ್ಡ ಚಿಂತೆ. ಮೊಬೈಲಿಗೆ ಬಂದ ಕರೆಗೂ ದುಡ್ಡು ಕಟ್ಟುತ್ತಿದ್ದ ಕಾಲದಲ್ಲಿ ಅವನು ವಿಜಾಪುರದಿಂದ ವರ್ಗವಾಗಿ ಬಂದ. ಸಣಕಲು ಮನುಷ್ಯ. ಅರ್ಧ ತೋಳಿನ ಅಂಗಿ, ಎಡಗೈಗೆ ಸಡಿಲ ಚೈನಿನ ದೊಡ್ಡ ವಾಚು. ನಾನು ನೀರು ಕುಡಿದರೂ ಬೆಲ್ಟಿಗೆ ಹೊಸ ತೂತು ಹೊಡೆಸಬೇಕಾಗುತ್ತಿತ್ತು, ಅವನು ಉಂಡದ್ದು ಎಲ್ಲಿ ಹೋಗುತ್ತಿತ್ತೋ ದೇವರೇ ಬಲ್ಲ. ನನ್ನ ಹೊಟ್ಟೆಕಿಚ್ಚು ಅಲ್ಲಿಂದಲೇ ಶುರುವಾಯಿತು ಅನ್ನಬಹುದು.

ರಾಣೆಬೆನ್ನೂರು ನಾನು ಹುಟ್ಟಿ ಬೆಳೆದ ಊರು. ಹೊಸಬನಿಗೆ ಊರು ತೋರಿಸುವುದು ನನ್ನ ಹಕ್ಕು ಎಂದುಕೊಂಡು ಮೊದಲ ದಿನವೇ ನಾನು ವರ್ಷಾನುಗಟ್ಟಲೆ ಉಂಡ ಹೋಟೆಲಿಗೆ ಕರೆದುಕೊಂಡು ಹೋದೆ. ತಟ್ಟೆಯಲ್ಲಿದ್ದದ್ದನ್ನೆಲ್ಲ ಉಂಡು, ಗಲ್ಲೆಯ ಮೇಲೆ ಕೂತ ಮಾಲಕನಿಗೆ ಕೇಳಿಸುವ ಹಾಗೆ, ಭಾಳ ಛಲೋ ಅದ ಎಂದ. ನನಗೆ ಖುಷಿಯಾಯಿತು. ನಮ್ಮ ಊರಂದ್ರ ಸುಮ್ನ ಅಲ್ರಿ ಎಂದು ಬೀಗಿದೆ. ಎಷ್ಟೋ ದಿನಗಳ ಮೇಲೆ ಗೊತ್ತಾಯಿತು, ಊಟ ಕೆಟ್ಟಿದ್ದಾಗ ಮಾತ್ರ ಅವನು ಹಾಗೆ ಹೇಳುತ್ತಾನೆ, ಬಡಿಸಿದವರ ಮನಸ್ಸು ನೋಯಬಾರದೆಂದು. ಊಟ ಚೆನ್ನಾಗಿದ್ದರೆ ಏನೂ ಹೇಳುತ್ತಿರಲಿಲ್ಲ. ತೀರಾ ಚೆನ್ನಾಗಿದ್ದರೆ ಎರಡು ತುತ್ತು ಉಂಡವನು ತುಸು ತಡೆದು ಎಡಗೈಯನ್ನು ಒಮ್ಮೆ ಕೊಡವುತ್ತಿದ್ದ. ವಾಚು ಜಾರಿ ಬೆರಳಿಗೆ ಬರುತ್ತಿತ್ತು. ಅದನ್ನು ಅಂಗಿಯ ಜೇಬಿಗೆ ಇಳಿಬಿಟ್ಟು ಮತ್ತೆ ತಟ್ಟೆಗೆ ಕೈ ಹಾಕುತ್ತಿದ್ದ. ಆಮೇಲೆ ಬಸ್ಸು ಹೋಗಲಿ, ಮ್ಯಾನೇಜರು ಕರೆಯಲಿ, ಏಳುವ ಮಾತಿಲ್ಲ.

ಆ ವಾಚು ಜಾರಿದ್ದನ್ನು ನಾನು ಬೇಕಾದಷ್ಟು ಸಲ ನೋಡಿದ್ದೇನೆ. ನಾನು ಕರೆದುಕೊಂಡು ಹೋದ ಜಾಗದಲ್ಲಿ ಒಂದು ಸಲವೂ ಇಲ್ಲ. ಅವನಿಂದ ನನಗೆ ಬೇರೇನೂ ಬೇಕಾಗಿರಲಿಲ್ಲ. ಒಂದೇ ಒಂದು ಸಲ, ನಾನು ತೋರಿಸಿದ ಊಟಕ್ಕೆ, ಅದರಲ್ಲೂ ಮುಂದೆ ನನ್ನ ಅಕ್ಕನ ಖಾನಾವಳಿಯಲ್ಲಿ, ಆ ವಾಚು ಜಾರಬೇಕಾಗಿತ್ತು.

ಬಂದು ಎರಡು ವಾರವಾಗಿರಲಿಲ್ಲ, ನನ್ನನ್ನು ಎಣ್ಣೆ ಗಾಣದ ಹಿಂದಿನ ಓಣಿಗೆ ಕರೆದುಕೊಂಡು ಹೋದ. ನಾನು ಚಿಕ್ಕಂದಿನಲ್ಲಿ ಗೋಲಿ ಆಡಿದ ಓಣಿ. ಅಲ್ಲಿ ಒಬ್ಬ ಮುದುಕಿ ತನ್ನ ಪಡಸಾಲೆಯಲ್ಲಿ ಐದಾರು ಜನರನ್ನು ಕೂರಿಸಿ ಊಟಕ್ಕೆ ಹಾಕುತ್ತಿದ್ದಳು. ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ, ಹಸಿ ಉಳ್ಳಾಗಡ್ಡಿ, ಗಟ್ಟಿ ಮೊಸರು, ಶೇಂಗಾ ಚಟ್ನಿ. ಹುಟ್ಟಿದ ಊರಿನಲ್ಲಿ ಅಂಥ ಊಟ ಇದೆ ಎಂದು ಪರ ಊರಿನವನಿಂದ ತಿಳಿಯುವುದಿದೆಯಲ್ಲ, ಅದರ ಉರಿ ನಮ್ಮ ಬ್ಯಾಡಗಿ ಮೆಣಸಿನಕಾಯಿಗೂ ಇಲ್ಲ. ಹೆಂಗ ಹುಡುಕಿದ್ರಿ ಎಂದು ಕೇಳಿದೆ. ಹಿಟ್ಟಿನ ಗಿರಣಿಗೆ ಹೋಗಿದ್ನಿ ಎಂದ.

"ರೊಟ್ಟಿ ಉಣ್ಣೋ ಊರಿಗೆ ಹೋದ್ರ ಮೊದಲ ಗಿರಣಿ ಹುಡುಕಬೇಕ್ರಿ. ಯಾವ ಖಾನಾವಳಿಯವರು ದಿನಾ ಜ್ವಾಳ ಬೀಸಕೊಂಡು ಹೋಗ್ತಾರ, ಯಾರು ಒಮ್ಮೆಲೆ ಚೀಲಗಟ್ಟಲೆ ಬೀಸಿ ಇಟ್ಕೋತಾರ, ಎಲ್ಲಾ ಗಿರಣಿಯವಗ ಗೊತ್ತಿರ್ತದ. ಹಿಟ್ಟು ಹಳೇದಾದ್ರ ರೊಟ್ಟಿ ಸೀಳ್ತದ."

ಎಷ್ಟು ಸರಳ ಮಾತು. ನಮ್ಮವ್ವ ದಿನಾ ನನ್ನ ಕೈಲಿ ಜೋಳದ ಡಬ್ಬಿ ಕೊಟ್ಟು ಗಿರಣಿಗೆ ಕಳಿಸುತ್ತಿದ್ದಳು. ಗಿರಣಿಯವನ ಬಿಳಿ ಹುಬ್ಬು ನೋಡಿ ನಕ್ಕಿದ್ದೇನೆಯೇ ಹೊರತು ಇದನ್ನು ಕೇಳಬೇಕೆಂದು ಎಂದೂ ಹೊಳೆದಿರಲಿಲ್ಲ. ಆಗ ನಾನು, ರೊಟ್ಟಿಯೇ ಇಲ್ಲದ ಊರಿನಾಗ ಏನು ಮಾಡ್ತೀರಿ ಎಂದು ಸೆಡ್ಡು ಹೊಡೆದೆ. ಅಲ್ಲಿ ದರ್ಜಿಯ ಅಂಗಡಿಗೆ ಹೋಗುತ್ತಾನಂತೆ. ನಿಮ್ಮ ಮನಿಯವರು ತವರಿಗೆ ಹೋದಾಗ ಎಲ್ಲಿ ಉಣ್ತೀರಿ ಎಂದು ಕೇಳುತ್ತಾನಂತೆ. ಛಲೋ ಹೋಟೆಲ್ ಯಾವುದು ಎಂದು ಕೇಳಿದರೆ ಜನ ದೊಡ್ಡ ಬೋರ್ಡಿನ ಕಡೆ ಬೆರಳು ಮಾಡುತ್ತಾರೆ, ಹೀಗೆ ಕೇಳಿದರೆ ಖರೇ ಹೇಳುತ್ತಾರೆ ಎಂದ.

ಇದನ್ನು ನಾನೂ ಮಾಡಬಲ್ಲೆ ಎಂದುಕೊಂಡು ಮರುವಾರ ಹಾವೇರಿಯಲ್ಲಿ ಒಬ್ಬ ದರ್ಜಿಯನ್ನು ಹಿಡಿದೆ. ನಿಮ್ಮ ಮನಿಯವರು ತವರಿಗೆ ಹೋದಾಗ ಎಂದು ಶುರು ಮಾಡಿದ್ದೇ ತಡ, ಆತ ಮಷಿನ್ ನಿಲ್ಲಿಸಿ ಕತ್ತರಿ ಕೈಗೆ ತೆಗೆದುಕೊಂಡ. "ಆಕಿ ತವರಿಗೆ ಹೋಗಿದ್ದು ನಿಮಗ್ಯಾರು ಹೇಳಿದ್ರು?" ಎಂದ. ಜಗಳವಾಡಿ ಹೋಗಿದ್ದಳೆಂದು ಕಾಣುತ್ತದೆ. ನಾನು ಬ್ಯಾಗು ಎತ್ತಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದವನು ಆವತ್ತು ಬಾಳೆಹಣ್ಣು ತಿಂದು ದಿನ ಕಳೆದೆ. ಇದನ್ನು ಅವನಿಗೆ ಹೇಳಬಾರದಾಗಿತ್ತು, ಹೇಳಿದೆ. ಅವನು ನಗಲಿಲ್ಲ. ಮೊದಲು ಅಂಗಿಗೆ ಒಂದು ಗುಂಡಿ ಹಚ್ಚಿಸಿಕೊಳ್ಳಬೇಕು, ಆಮೇಲೆ ಕೇಳಬೇಕು ಎಂದು ಸಾವಧಾನವಾಗಿ ತಿಳಿಸಿ ಹೇಳಿದ. ನಕ್ಕುಬಿಟ್ಟಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಒಮ್ಮೆ ಕಂಪನಿಯವರು ಮೆಣಸಿನ ಬೀಜದ ಸಭೆಗೆಂದು ನಮ್ಮಿಬ್ಬರನ್ನೂ ಗುಂಟೂರಿಗೆ ಕಳಿಸಿದರು. ನಮಗಿಬ್ಬರಿಗೂ ತೆಲುಗು ಬಾರದು. ಈಗ ನೋಡೋಣ ಇವನ ಆಟ ಎಂದು ನಾನು ಒಳಗೊಳಗೇ ಖುಷಿಪಟ್ಟೆ. ಅವನು ಒಂದು ದರ್ಜಿ ಅಂಗಡಿಯ ಮುಂದೆ ನಿಂತು ತಲೆಯ ಮೇಲೆ ಸೆರಗು ಹೊದ್ದಂತೆ ಮಾಡಿದ, ಕೈಯಲ್ಲಿ ಗಂಟು ಹಿಡಿದು ಹೋದಂತೆ ಮಾಡಿದ, ಟಾಟಾ ಮಾಡಿದ, ಆಮೇಲೆ ಬರಿಗೈಯನ್ನು ಬಾಯಿಗೆ ಒಯ್ದು ಎಲ್ಲಿ ಎಂಬಂತೆ ಅಂಗೈ ತಿರುಗಿಸಿದ. ನಾಲ್ಕು ಜನ ಸೇರಿದರು. ಸಾಲದ್ದಕ್ಕೆ ದರ್ಜಿ ಎದ್ದು ನಮ್ಮ ಜೊತೆಯೇ ಬಂದ. ಒಂದು ಮನೆಯ ಹಿತ್ತಲಿನಲ್ಲಿ ಬಾಳೆಎಲೆ ಹಾಸಿದರು. ಗೋಂಗೂರ ಸೊಪ್ಪಿನ ಚಟ್ನಿಗೆ ನನ್ನ ಕಣ್ಣು ಮೂಗು ಎಲ್ಲ ಸುರಿಯುತ್ತಿದ್ದರೂ ಕೈ ನಿಲ್ಲಲಿಲ್ಲ. ಪಕ್ಕದಲ್ಲಿ ವಾಚು ಜೇಬಿಗೆ ಬಿದ್ದ ಸಪ್ಪಳ ಕೇಳಿಸಿತು. ಅಷ್ಟು ಒಳ್ಳೆಯ ಊಟ ನಾನು ಅದಕ್ಕೂ ಮೊದಲು ಹೊರಗೆ ಎಲ್ಲೂ ಉಂಡಿರಲಿಲ್ಲ. ಅದೇ ನನಗೆ ಸಂಕಟವಾಗಿತ್ತು.

ಕೆಲಸದಲ್ಲಿ ಅವನು ನನ್ನ ಮುಂದೆ ಏನೂ ಅಲ್ಲ. ಇದನ್ನು ಹೇಳಲೇಬೇಕು. ಉಂಡ ಮೇಲೆ ಬೀಜದ ಅಂಗಡಿಯ ಚೀಲಗಳ ಮೇಲೆ ಒರಗಿ ನಿದ್ದೆ ಮಾಡುತ್ತಿದ್ದ. ನನ್ನಷ್ಟು ಬೀಜ ಅವನು ಯಾವ ವರ್ಷವೂ ಮಾರಲಿಲ್ಲ. ಒಂದು ಸಲ ಕದರಮಂಡಲಗಿಯಲ್ಲಿ ರೈತರ ಸಭೆ ಇಟ್ಟಿದ್ದೆ. ಬೀಜದ ಪೊಟ್ಟಣ ತರಬೇಕಾದವನು ಅವನು. ನಾನು ಇದ್ದಬದ್ದ ಮಾತನ್ನೆಲ್ಲ ಆಡಿ ಮುಗಿಸಿ ಬೆವರುತ್ತ ನಿಂತಾಗ ಬಂದ, ಬಾಯಿಯ ಸುತ್ತ ಮಸಿ. ದಾರಿಯಲ್ಲಿ ಯಾರದೋ ಹೊಲದಲ್ಲಿ ಸೀತನಿ ಸುಡುತ್ತಿದ್ದರಂತೆ, ಎಳೆ ಜೋಳದ ತೆನೆಯ ವಾಸನೆಗೆ ಗಾಡಿ ತಾನೇ ನಿಂತಿತಂತೆ. ರೈತರು ಬೈಯುತ್ತಾರೆ ಎಂದು ನಾನು ಕಾದೆ. ಯಾರ ಹೊಲ, ಯಾವ ಜೋಳ, ಬೆಲ್ಲ ಇತ್ತೇನು ಎಂದು ಅವರು ಅವನ ಸುತ್ತ ಕೂತುಬಿಟ್ಟರು. ಕೊನೆಗೆ ಬೀಜಕ್ಕೆ ಹೆಸರು ಬರೆಸಿದವರೆಲ್ಲ ಅವನ ಹತ್ತಿರ ಬರೆಸಿ ಹೋದರು.

ಹೈದರಾಬಾದಿನಿಂದ ದೊಡ್ಡ ಸಾಹೇಬರು ಬಂದಾಗಿನದಂತೂ ಇನ್ನೂ ಚುಚ್ಚುತ್ತದೆ. ನಾನು ಹಾವೇರಿಯ ಹೈವೇ ಬದಿಯ ಎಸಿ ಹೋಟೆಲಿನಲ್ಲಿ ಟೇಬಲ್ಲು ಹಿಡಿಸಿದ್ದೆ, ಬಿಳಿ ಬಟ್ಟೆ ಹಾಸಿಸಿದ್ದೆ. ಆದರೆ ಬೆಳಿಗ್ಗೆ ಬ್ಯಾಡಗಿ ಮಾರ್ಕೆಟ್ಟು ನೋಡುವುದರಲ್ಲೇ ಮಧ್ಯಾಹ್ನವಾಯಿತು. ಮೆಣಸಿನಕಾಯಿ ಸುಗ್ಗಿ, ಊರಿಗೆ ಊರೇ ಸೀನುತ್ತಿತ್ತು. ಸಾಹೇಬರು ಕರವಸ್ತ್ರ ಮೂಗಿಗೊತ್ತಿಕೊಂಡು ಹಸಿವು ಎಂದರು. ಅಕ್ಕಪಕ್ಕ ಮೂರು ಖಾನಾವಳಿಗಳಿದ್ದವು. ಇವನು ರಸ್ತೆಯ ಈಚೆ ಸುಮ್ಮನೆ ನಿಂತು, ಉಂಡು ಹೊರಗೆ ಬರುವವರನ್ನು ನೋಡಿದ. ಯಾವ ಬಾಗಿಲಿನಿಂದ ಬಂದವರು ಕಟ್ಟೆಯ ಮೇಲೆ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಾರೋ ಅಲ್ಲಿಗೆ ಹೋಗೋಣ, ಬಂದವರೇ ಗಾಡಿಗೆ ಕಿಕ್ ಹೊಡೆದರೆ ಅವರು ಮನೆಗೆ ಹೋಗಿ ಮತ್ತೆ ಉಣ್ಣುತ್ತಾರೆ ಎಂದ. ಸಾಹೇಬರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಕಡಲೆಹಿಟ್ಟಿನ ಝುಣಕ ಮೂರು ಸಲ ಹಾಕಿಸಿಕೊಂಡರು. ಮುಂದಿನ ವರ್ಷದ ಸಭೆಯಲ್ಲಿ ನನ್ನ ಹೆಸರು ಅವರಿಗೆ ನೆನಪಿರಲಿಲ್ಲ. ಝುಣಕ ನೆನಪಿತ್ತು, ಅವನೂ ನೆನಪಿದ್ದ.

ಇಷ್ಟನ್ನೂ ನಾನು ನುಂಗಿಕೊಂಡಿರುತ್ತಿದ್ದೆ. ಅಕ್ಕನ ವಿಷಯ ಬಂದದ್ದರಿಂದ ನುಂಗಲಾಗಲಿಲ್ಲ.

ಅಕ್ಕನನ್ನು ಕರ್ಜಗಿಗೆ ಕೊಟ್ಟಿತ್ತು. ಗಂಡ ತೀರಿಕೊಂಡ ಮೇಲೆ ಮೈದುನರ ಮನೆಯಲ್ಲಿ ಇದ್ದಳು. ಹೊಡೆತ ಬಡಿತ ಏನಿಲ್ಲ, ಆದರೆ ಒಲೆಯ ಮುಂದೆ ದಿನವಿಡೀ ಇದ್ದೂ ಒಂದು ಲೋಟ ಚಹಾ ಮಾಡಿಕೊಳ್ಳಲು ನೆಗೆಣ್ಣಿಯರ ಮುಖ ನೋಡಬೇಕಾಗಿತ್ತು. ಒಂದು ದಿನ ಎದ್ದು ಬಂದುಬಿಟ್ಟಳು. ನನ್ನ ಮನೆಯಲ್ಲಿಯೂ ಇರಲು ಒಪ್ಪಲಿಲ್ಲ. ರಾಣೆಬೆನ್ನೂರಿನಲ್ಲಿ ಎರಡು ಖೋಲಿ ಬಾಡಿಗೆಗೆ ಹಿಡಿದು ಖಾನಾವಳಿ ಇಟ್ಟಳು. ಆ ಮನೆಯ ಮುಂಬಾಗಿಲು ಬಸ್‌ಸ್ಟ್ಯಾಂಡಿನ ರಸ್ತೆಗೆ, ಹಿಂಬಾಗಿಲು ಗಿರಣಿಯ ಓಣಿಗೆ. ಅಕ್ಕನ ಕೈಯ ರೊಟ್ಟಿ ಹೇಗಿರುತ್ತದೆಂದು ಮನೆಯವರಿಗಷ್ಟೇ ಗೊತ್ತಿತ್ತು, ಊರಿಗೆ ಗೊತ್ತಿರಲಿಲ್ಲ. ನಾಲ್ಕೈದು ಜನ ಬರುತ್ತಿದ್ದರು, ಕೆಲವು ದಿನ ಅವರೂ ಇಲ್ಲ. ನಾದಿದ ಹಿಟ್ಟು ಉಳಿಯುತ್ತಿತ್ತು. ದೀಪಾವಳಿ ತನಕ ನೋಡತೇನಿ, ಆಗಲಿಲ್ಲಂದ್ರ ಕರ್ಜಗಿಗೆ ಹೋಗತೇನಿ ಎಂದಳು. ಹೋಗತೇನಿ ಎನ್ನುವಾಗ ಅವಳ ದನಿ ಕೇಳಿದವರಿಗೆ ಆ ರಾತ್ರಿ ನಿದ್ದೆ ಬರುವಂತಿರಲಿಲ್ಲ.

ಅಷ್ಟರಲ್ಲಿ ಆಗಲೇ ಬೇರೆ ಕಂಪನಿಗಳ ಹುಡುಗರು, ಲಾರಿಯವರು, ಬ್ಯಾಡಗಿಗೆ ಖರೀದಿಗೆ ಬರುವ ವ್ಯಾಪಾರಿಗಳು ಎಲ್ಲರೂ ಇವನನ್ನೇ ಕೇಳುತ್ತಿದ್ದರು, ಸಾಹೇಬ್ರ ಇವತ್ತು ಎಲ್ಲಿ ಉಣ್ಣೋದು ಎಂದು. ಇವನು ಒಂದು ಮಾತು ಹೇಳಿದರೆ ಅಕ್ಕನ ಖಾನಾವಳಿ ಉಳಿದುಕೊಳ್ಳುತ್ತಿತ್ತು. ಯಾರ ಮುಂದೆ ಕೈ ಒಡ್ಡಬಾರದು ಅಂದುಕೊಂಡಿದ್ದೆನೋ ಅವನ ಮುಂದೆಯೇ ಹೋಗಿ, ಒಮ್ಮೆ ನಮ್ಮ ಅಕ್ಕನ ಕಡೆ ಬರ್ರಿ ಎಂದೆ. ಬರ್ತೀನಿ, ಆದ್ರ ಅವರಿಗೆ ಮೊದಲ ಹೇಳಬ್ಯಾಡ್ರಿ ಎಂದ.

ಹೇಳದೆ ಇರುವುದು ಹೇಗೆ. ದೂರದ ಊರಿನವರು, ಮೊದಲ ಸಲ ಊಟಕ್ಕೆ ಬರುವವರು. ಹಿಂದಿನ ದಿನವೇ ಹೇಳಿಬಂದೆ. ಬರುವವರು ಎಂಥವರು, ಅವರ ಒಂದು ಮಾತಿನ ಬೆಲೆ ಎಷ್ಟು ಎನ್ನುವುದನ್ನೂ ಹೇಳಿದೆ. ಅಕ್ಕ ನಮ್ಮ ಕಡೆಯ ಯಾವ ಹೆಣ್ಣುಮಗಳಾದರೂ ಮಾಡುವುದನ್ನೇ ಮಾಡಿದಳು. ರೊಟ್ಟಿ ದಿನದ ಊಟ, ಬೀಗರು ಬಂದರೆ ಯಾರಾದರೂ ರೊಟ್ಟಿ ಹಾಕುತ್ತಾರೆಯೇ? ಕೋಳಿ ಕೂಗುವ ಮೊದಲೇ ಎದ್ದು ಕಡಲೆಬೇಳೆ ಬೇಯಿಸಿ ಹೋಳಿಗೆ ಮಾಡಿದಳು. ಎಣ್ಣೆ ಸವರಿದ ಮೆತ್ತನೆಯ ಚಪಾತಿ, ಸಜ್ಜಕ, ಕೋಸಂಬರಿ, ಹಪ್ಪಳ, ಸಂಡಿಗೆ, ಸಣ್ಣಕ್ಕಿಯ ಅನ್ನ, ಹೋಳಿಗೆ ಸಾರು. ದಿನದ ಗಿರಾಕಿಗಳು ಇಬ್ಬರು ಬಂದರೆ ಇವತ್ತು ಇಲ್ಲ ಎಂದು ಕಳಿಸಿಬಿಟ್ಟಳು.

ಅವನು ಬಂದ, ಕೂತ. ಅಕ್ಕ ಬಾಗಿಲ ಮರೆಗೆ ನಿಂತಳು. ನಾನು ಅವನ ಎಡಗೈ ನೋಡುತ್ತ ಕೂತೆ. ಮೊದಲ ತುತ್ತು ಆಯಿತು, ಎರಡನೆಯದಾಯಿತು. ಹೋಳಿಗೆಯ ಮೇಲೆ ಅಕ್ಕ ತುಪ್ಪ ಸುರಿದಳು. ವಾಚು ಮುಂಗೈ ಬಿಟ್ಟು ಅಲುಗಲಿಲ್ಲ. ಹಪ್ಪಳ ಮುರಿದ, ಅನ್ನ ಕಲಸಿದ, ಎಲ್ಲವನ್ನೂ ಉಂಡ. ಕೊನೆಗೆ ತಲೆ ಎತ್ತಿ, "ಭಾಳ ಛಲೋ ಅದ ಅಕ್ಕಾರ," ಎಂದ, ಅದೂ ಗಟ್ಟಿ ದನಿಯಲ್ಲಿ.

ಅಕ್ಕನ ಮುಖ ಅರಳಿತು. ಅವಳಿಗೇನು ಗೊತ್ತು. ನನಗೆ ಅಲ್ಲಿಯೇ ಎದ್ದು ಅವನ ಕೊರಳಪಟ್ಟಿ ಹಿಡಿಯಬೇಕೆನ್ನಿಸಿತು. ಹೊರಗೆ ಬಂದ ಮೇಲೆ ಖರೇ ಹೇಳ್ರಿ ಎಂದೆ. ಹೋಳಿಗಿ ಯಾರ ಮನ್ಯಾಗರ ಸಿಗ್ತದ್ರಿ, ನೀವು ಮೊದಲ ಹೇಳಿಬಿಟ್ರಿ ಎಂದ. ಅಕ್ಕ ನಸುಕಿನಿಂದ ಒಲೆಯ ಮುಂದೆ ಬೆಂದದ್ದಕ್ಕೆ ಇಷ್ಟೇ ಮಾತೇ ಎಂದು ನಾನು ಅವನ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಮಾತಾಡುವುದನ್ನೇ ನಿಲ್ಲಿಸಿದೆ.

ಇವನ ಹಂಗೇ ಬೇಡ ಎಂದು ನಾನು ಪೇಂಟರನನ್ನು ಹಿಡಿದು ಬೋರ್ಡು ಬರೆಸಿದೆ. ಕೆಂಪು ನೆಲ, ಹಳದಿ ಅಕ್ಷರ, ಮೂಲೆಯಲ್ಲಿ ಒಂದು ರೊಟ್ಟಿಯ ಚಿತ್ರ. ಬಸ್ಸಿನಿಂದ ಇಳಿದವರಿಗೆ ಎದುರಿಗೇ ಕಾಣುವಂತೆ ಮುಂಬಾಗಿಲ ಮೇಲೆ ನಾನೇ ನಿಂತು ಕಟ್ಟಿಸಿದೆ. ನಂಬಿದರೆ ನಂಬಿ, ತಿಂಗಳೊಳಗೆ ಜನ ಬರತೊಡಗಿದರು. ಲಾರಿಯವರು ಬಂದರು, ಬೀಜದ ಕಂಪನಿಯವರು ಬಂದರು, ಮೆಣಸಿನಕಾಯಿ ವ್ಯಾಪಾರಿಗಳು ಬಂದರು. ದೀಪಾವಳಿ ಹೊತ್ತಿಗೆ ರೊಟ್ಟಿ ಬಡಿಯಲು ಇನ್ನೊಬ್ಬಳು ಹೆಣ್ಣುಮಗಳನ್ನು ಇಟ್ಟುಕೊಳ್ಳಬೇಕಾಯಿತು. ಕರ್ಜಗಿಯ ಮಾತು ಅಲ್ಲಿಗೆ ನಿಂತಿತು.

ಆಗ ನನ್ನ ಠೀವಿ ನೋಡಬೇಕಿತ್ತು. ಅವನ ಜೊತೆ ಬಿಟ್ಟಿದ್ದ ಮಾತನ್ನು ನಾನೇ ಮತ್ತೆ ಶುರು ಮಾಡಿದೆ, ಬೋರ್ಡಿನ ಸುದ್ದಿ ಹೇಳುವುದಕ್ಕೆ. ನಿಮ್ಮ ಗಿರಣಿ, ದರ್ಜಿ ಎಲ್ಲಾ ಹಳೇ ಕಾಲದ್ದಾತ್ರಿ, ಈಗ ಏನಿದ್ದರೂ ಬೋರ್ಡಿನ ಕಾಲ ಎಂದು ಬಸ್ಸಿನಲ್ಲಿ ಪಕ್ಕಕ್ಕೆ ಕೂತು ಪಾಠ ಹೇಳುತ್ತಿದ್ದೆ. ಅವನು ಕಿಟಕಿಯ ಹೊರಗೆ ನೋಡುತ್ತ, ಹೌದ್ರಿ, ಅಕ್ಷರ ದೂರಿಂದನೂ ಕಾಣ್ತಾವ ಎನ್ನುತ್ತಿದ್ದ. ಒಂದು ವಿಷಯದಲ್ಲಾದರೂ ಇವನನ್ನು ಸೋಲಿಸಿದೆನಲ್ಲ ಎಂದು ನನಗೆ ಹೊಟ್ಟೆ ತಣ್ಣಗಾಗುತ್ತಿತ್ತು. ಕೆಲವು ವರ್ಷಗಳ ಮೇಲೆ ಅವನಿಗೆ ಮತ್ತೆ ವಿಜಾಪುರಕ್ಕೇ ವರ್ಗವಾಯಿತು, ಅಲ್ಲಿಯೇ ರಿಟೈರಾದ. ಹೋಗುವ ದಿನ ಬಸ್ಸಿನ ಕಿಟಕಿಯಿಂದ ಅಕ್ಕಾರಿಗೆ ನಮಸ್ಕಾರ ಹೇಳ್ರಿ ಎಂದ. ಒಂದು ಸಲ ಉಂಡವನಿಗೆ ಎಂಥಾ ನಮಸ್ಕಾರ ಎಂದು ನಾನು ಅದನ್ನು ಹೇಳುವ ಗೋಜಿಗೂ ಹೋಗಲಿಲ್ಲ.

ಸುದ್ದಿ ಬಂದ ದಿನ ಬ್ಯಾಡಗಿಯ ಆ ಊಟವನ್ನು ಅರ್ಧಕ್ಕೆ ಬಿಟ್ಟು ರಾಣೆಬೆನ್ನೂರಿನ ಬಸ್ಸು ಹತ್ತಿದೆ. ಅಕ್ಕನ ಕಡೆ ಬರುವಷ್ಟರಲ್ಲಿ ಗಿರಾಕಿಗಳ ಊಟ ಮುಗಿದಿತ್ತು. ಅವಳು ಒಲೆಯ ಪಕ್ಕದಲ್ಲಿ ಒಬ್ಬಳೇ ಕೂತಿದ್ದಳು. ಸುದ್ದಿ ಹೇಳಿದೆ. ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು, ಆಮೇಲೆ ಕಣ್ಣಿಗೆ. ಎಷ್ಟು ಹೊತ್ತಾದರೂ ತೆಗೆಯಲಿಲ್ಲ. ನನಗೆ ವಿಚಿತ್ರ ಅನ್ನಿಸಿತು. ಒಂದ ಸಲ ಬಂದು ಉಂಡು ಹೋದಾಂವಗ ಇಷ್ಟ್ಯಾಕ ಅಳತೀದಿ ಎಂದೆ.

"ಒಂದ ಸಲ ಅಲ್ಲೋ ತಮ್ಮಾ. ವಾರಕ್ಕೊಮ್ಮೆ ಬರತಿದ್ರು. ಎಲ್ಲಾರ ಊಟ ಮುಗದ ಮ್ಯಾಲ, ಹಿಂದಿನ ಬಾಗಿಲಿಂದ."

ಹೋಳಿಗೆ ಉಂಡು ಹೋದ ಮರುವಾರವೇ ಗಿರಣಿಯ ಓಣಿಯಿಂದ ಬಂದನಂತೆ. ಅಡಿಗೆಯೆಲ್ಲ ಖಾಲಿಯಾಗಿತ್ತು. ಕುಂದರ್ರಿ, ಎರಡು ಚಪಾತಿ ಲಟ್ಟಿಸತೇನಿ ಎಂದು ಇವಳು ಗಡಿಬಿಡಿಗೆ ಬಿದ್ದಳಂತೆ. ಚಪಾತಿ ಬೇಡ, ನೀವು ಉಣ್ಣಲು ಏನು ಮಾಡಿಕೊಂಡಿದ್ದೀರೋ ಅದನ್ನೇ ಕೊಡಿ ಎಂದನಂತೆ. ಅಕ್ಕ ತನಗಾಗಿ ಮುಟಗಿ ಮಾಡಿಕೊಳ್ಳುತ್ತಿದ್ದಳು. ದಪ್ಪ ರೊಟ್ಟಿಯನ್ನು ಹೆಂಚಿನ ಮೇಲಿಂದ ಹಾಗೇ ತೆಗೆದು, ಬಿಸಿ ಆರುವ ಮೊದಲೇ ಬೆಳ್ಳುಳ್ಳಿ, ಕೆಂಪು ಮೆಣಸಿನಕಾಯಿ, ಉಪ್ಪು ಹಾಕಿ ಒರಳಿನಲ್ಲಿ ಕುಟ್ಟಿ, ಒಂದು ಮಿಳ್ಳೆ ಎಣ್ಣೆ ಬಿಟ್ಟು, ಮುಷ್ಟಿಯಲ್ಲಿ ಒತ್ತಿ ಕಟ್ಟುವುದು. ದಿನವಿಡೀ ಬಡಿಸಿ ಸುಸ್ತಾದವರು ಪಲ್ಯದ ಗೊಡವೆಯಿಲ್ಲದೆ ಉಣ್ಣುವ ಊಟ. ನಾಚಿಕೊಂಡು ಅದನ್ನೇ ಕೊಟ್ಟಳಂತೆ.

"ವಾಚ್ ತಗದ್ನೇನು?" ಎಂದು ಕೇಳಿದೆ. ನನ್ನ ದನಿ ನನಗೇ ಒರಟಾಗಿ ಕೇಳಿಸಿತು.

ಅಕ್ಕ ನನ್ನನ್ನು ಒಂದು ಥರ ನೋಡಿದಳು. ಹೂಂ, ತಗದು ಆ ಹಿಟ್ಟಿನ ಡಬ್ಬಿ ಮ್ಯಾಲ ಇಡತಿದ್ರು, ಯಾಕ ಎಂದಳು. ಏನೂ ಇಲ್ಲ ಎಂದೆ. ಆಮೇಲೆ, ಗಿರಾಕಿಗಳು ಬೋರ್ಡು ನೋಡಿ ಬಂದದ್ದು ಸುಳ್ಳೇನು ಎಂದು ಕೇಳಿದೆ. ಕೇಳುವ ಮೊದಲೇ ಉತ್ತರ ಗೊತ್ತಾಗಿತ್ತು. ಇಷ್ಟು ವರ್ಷ ಮಧ್ಯಾಹ್ನದ ಹೊತ್ತಿನಲ್ಲಿ ಚಪ್ಪಲಿಗಳ ರಾಶಿ ಬೀಳುತ್ತಿದ್ದದ್ದು ಹಿಂಬಾಗಿಲಿನಲ್ಲಿ. ಬೋರ್ಡು ಇದ್ದದ್ದು ಮುಂಬಾಗಿಲಿನಲ್ಲಿ. ದಾಟಿಕೊಂಡು ಹೋಗಿದ್ದೇನೆ, ನೋಡಿರಲಿಲ್ಲ.

"ಗಿರಣಿ ಹಿಂದಿನ ಮನಿ ಅಂತ ಹೇಳಿ ಅವರೇ ಮಂದೀನ ಕಳಸತಿದ್ರೋ. ನಿನಗ ಹೇಳಬೇಕಂತಿದ್ನಿ. ಬ್ಯಾಡ್ರಿ ಅಕ್ಕಾರ, ನಿಮ್ಮ ತಮ್ಮ ಭಾಳ ಹೌಸಿಲೆ ಬೋರ್ಡ್ ಬರಸ್ಯಾರ ಅಂದ್ರು."

ನನಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ಬಸ್ಸಿನಲ್ಲಿ ನಾನು ಬೋರ್ಡಿನ ಪಾಠ ಹೇಳುವಾಗ ಕಿಟಕಿಯ ಹೊರಗೆ ನೋಡುತ್ತಿದ್ದನಲ್ಲ, ಒಂದೇ ಒಂದು ಸಲ ಬಾಯಿ ಬಿಟ್ಟು ಹೇಳಿದ್ದರೆ ಜಗಳವಾಡಿ ಮುಗಿಸಿಬಿಡುತ್ತಿದ್ದೆ. ನಾನು ಅವನ ಮೇಲೆ ಗೆದ್ದದ್ದು ಅದೊಂದೇ ಎಂದು ಎದೆಯುಬ್ಬಿಸಿಕೊಂಡು ತಿರುಗಿದ್ದೆ. ಅದನ್ನೂ ಅವನೇ ಕೊಟ್ಟದ್ದು ಎಂದರೆ ನನ್ನದು ಅಂತ ಏನು ಉಳಿಯಿತು? ಈಗ ಹೋಗಿ ಬೈಯೋಣವೆಂದರೆ ಅವನೂ ಇಲ್ಲ.

ಅದಕ್ಕಿಂತ ಹೆಚ್ಚು ಉರಿದದ್ದು ಇನ್ನೊಂದು. ನಾನು ಅವಳ ಬೆನ್ನಿಗೆ ಬಿದ್ದ ತಮ್ಮ. ಎಷ್ಟು ಸಲ ಇಲ್ಲಿ ಉಂಡಿದ್ದೇನೆ, ಲೆಕ್ಕವಿಲ್ಲ. ಆ ಮುಟಗಿಯ ಚೂರೂ ನನ್ನ ತಟ್ಟೆಗೆ ಬಿದ್ದಿರಲಿಲ್ಲ. ನನಗ್ಯಾಕ ಎಂದೂ ಕೊಡಲಿಲ್ಲ ಎಂದು ಕೇಳಿದೆ, ಸಣ್ಣ ಹುಡುಗರು ಕೇಳುವ ಹಾಗೆ.

"ನೀ ಬಂದ್ರ ಚಪಾತಿ ಮಾಡಬೇಕು. ತವರಿನ ಮಂದಿಗೆ ಕುಟ್ಟಿದ ರೊಟ್ಟಿ ಹಾಕಾಕ ಬರತೈತೇನು?" ಎಂದಳು ಅಕ್ಕ.

ಊರಿಗೆಲ್ಲ ರೊಟ್ಟಿಯ ಖಾನಾವಳಿಯಾದ ಮನೆಯಲ್ಲಿ ನಾನೊಬ್ಬ ಇಷ್ಟು ವರ್ಷ ಚಪಾತಿ ತಿಂದುಕೊಂಡು ಬಂದಿದ್ದೆ. ಇವತ್ತು ನನಗೆ ಮುಟಗಿ ಮಾಡು ಎಂದೆ. ಅಕ್ಕ ಬೇಡವೆನ್ನಲಿಲ್ಲ. ಹಿಟ್ಟು ನಾದಿದಳು, ದಪ್ಪಗೆ ಬಡಿದಳು, ಹೆಂಚಿಗೆ ಹಾಕಿ ನೀರು ಸವರಿದಳು. ಒರಳಿನಲ್ಲಿ ಕುಟ್ಟುವಾಗ ಬಿಸಿ ಬೆಳ್ಳುಳ್ಳಿಯ ವಾಸನೆ ಎದ್ದು ಖೋಲಿ ತುಂಬಿತು. ಮುಷ್ಟಿಯ ಬೆರಳಚ್ಚು ಹಾಗೇ ಇದ್ದ ಉಂಡೆಯನ್ನು ತಟ್ಟೆಗೆ ಹಾಕಿದಳು. ಮುರಿದು ಬಾಯಿಗಿಟ್ಟೆ. ಜೇಬಿನಲ್ಲಿ ಮೊಬೈಲು ಹೊಡೆದುಕೊಂಡಿತು, ಆಫೀಸಿನವರೇ ಇರಬೇಕು. ತೆಗೆದು ಹಿಟ್ಟಿನ ಡಬ್ಬಿಯ ಮೇಲೆ ಇಟ್ಟೆ.

ಒಂದು ಮುಗಿಸಿದೆ. ಅಕ್ಕ ಇನ್ನೊಂದು ಕುಟ್ಟಿ ಹಾಕಿದಳು. ಅದನ್ನೂ ಮುಗಿಸಿದೆ. ಈಗ ಕಣ್ಣಲ್ಲಿ ನೀರು ಬರುತ್ತಿತ್ತು, ಮೆಣಸಿನಕಾಯಿಗೆ ಎಂದು ಅವಳು ತಿಳಿದುಕೊಂಡು ಮೊಸರು ತಂದಿಟ್ಟಳು.

"ಅಂವ ಎಷ್ಟು ಉಣ್ಣತಿದ್ದ?" ಎಂದು ಕೇಳಿದೆ.

"ಎರಡು. ಎರಡಕ್ಕ ಕೈ ತೊಳಕೋತಿದ್ರು."

"ಹಂಗಾರ ನನಗ ಇನ್ನೊಂದು ಕುಟ್ಟು," ಎಂದೆ.